ಇನ್ನೊಂದು ರೌಂಡ್ ಕಾಫಿ

2023ರ ಫೆಬ್ರವರಿಯ ಎರಡನೇ ಭಾನುವಾರ ಬೆಳಿಗ್ಗೆ, ಮಾಧವರಂನ ಚಿಕ್ಕಪ್ಪನ ಮನೆಯ ಹಾಲಿನಲ್ಲಿ, ನನ್ನ ಸೋದರತ್ತೆ ಗಂಡಿನ ಕಡೆಯವರನ್ನು "ಇನ್ನೊಂದು ರೌಂಡ್ ಕಾಫಿ ತರ್ಲಾ?" ಎಂದು ಕೇಳಿದರು. ಅವರು ತನ್ನಿ ಅಂದರು. ಅಲ್ಲಿಗೆ ಚಿಕ್ಕಪ್ಪನ ಮಗಳ ಮದುವೆ ನಿಶ್ಚಯವಾಯಿತು.

ಕಾಫಿಗೂ ನಿಶ್ಚಯಕ್ಕೂ ಇರುವ ಸಂಬಂಧ ನಮ್ಮ ಮನೆಯವರಿಗೆ ಮಾತ್ರ ಗೊತ್ತು. ಹೆಣ್ಣು ನೋಡಲು ಬಂದವರಿಗೆ ಮುಖಕ್ಕೆ ಹೊಡೆದಂತೆ ಬೇಡ ಅನ್ನುವ ಪದ್ಧತಿ ನಮ್ಮಲ್ಲಿಲ್ಲ. ಹುಡುಗಿಯನ್ನು ನೇರವಾಗಿ ಕೇಳುವ ಪದ್ಧತಿಯೂ ಇಲ್ಲ. ಕೇಳಿದರೆ ದೊಡ್ಡವರ ಮುಖ ನೋಡಿ ಹೂಂ ಅಂದುಬಿಡುತ್ತಾಳೆ ಎಂಬುದು ಅಜ್ಜಿಯ ಕಾಲದಿಂದ ಬಂದ ಅನುಮಾನ. ಅದರ ಬದಲು ಅತ್ತೆ ನೋಡುತ್ತಾರೆ. ಸೊಜ್ಜಿ, ಬಜ್ಜಿ, ಕಾಫಿ ಮುಗಿದು ಹುಡುಗಿ ಒಳಗೆ ಹೋದ ಮೇಲೆ ಅತ್ತೆ ಅವಳ ಹಿಂದೆಯೇ ಅಡುಗೆಮನೆಗೆ ಹೋಗುತ್ತಾರೆ. ಅವಳ ಮುಖ ನೋಡಿಕೊಂಡು ಹೊರಗೆ ಬಂದು ಇನ್ನೊಂದು ರೌಂಡ್ ಕಾಫಿ ಬೇಕೇ ಎಂದು ಕೇಳಿದರೆ ಮುಂದುವರಿಯಬಹುದು ಎಂದರ್ಥ. ಏನೂ ಕೇಳದೆ ಲೋಟಗಳನ್ನು ಎತ್ತತೊಡಗಿದರೆ ಬೇಡ. ಬಂದವರಿಗೆ ಇದು ತಿಳಿಯುವುದಿಲ್ಲ. ಒಂದು ವಾರ ಬಿಟ್ಟು ಜಾತಕ ಕೂಡಲಿಲ್ಲ ಎಂದು ಅವರಿಗೆ ಫೋನು ಹೋಗುತ್ತದೆ.

ಇನ್ನೊಂದು ನಿಯಮವಿತ್ತು. ಅತ್ತೆಗೆ ಮೊದಲೇ ಯಾರೂ ಏನೂ ಹೇಳಕೂಡದು. ಹುಡುಗ ಇಷ್ಟ, ಹುಡುಗ ಬೇಡ, ಅವನ ಸಂಬಳ ಇಷ್ಟು, ಯಾವುದೂ ಅವರ ಕಿವಿಗೆ ಬೀಳಬಾರದು. "ಹೇಳ್ಬಿಟ್ರೆ ನೀವು ಹೇಳಿದ್ದೇ ಕಾಣುತ್ತೆ ಕಣ್ರೇ, ಮುಖ ಎಲ್ಲಿ ಕಾಣುತ್ತೆ?" ಅನ್ನುತ್ತಿದ್ದರು.

ಅವರ ನೋಟದ ಮೇಲೆ ನಮಗಿದ್ದ ನಂಬಿಕೆಗೆ ಕಾರಣಗಳಿದ್ದವು. ಬ್ಯಾಂಕಿನ ಕೌಂಟರಿನಲ್ಲಿ ಅವರು ಇಡೀ ಸರ್ವೀಸು ಕಳೆದವರು. ಮಗನ ಜೊತೆ ಬಂದ ಮುದುಕಿಯೊಬ್ಬಳು ಫಿಕ್ಸೆಡ್ ಡೆಪಾಸಿಟ್ ಮುರಿಸುವಾಗ ಕಾಗದಕ್ಕೆ ಸಹಿ ಹಾಕಿಸುವ ನೆವದಲ್ಲಿ ಅವಳನ್ನು ಒಳಗೆ ಕರೆದು, ನಿಜವಾಗಿ ಬೇಕಾ ಅಮ್ಮಾ ಎಂದು ಕೇಳಿದವರು. ನನಗೆ ಬಂದ ಎರಡು ಸಂಬಂಧಗಳಲ್ಲೂ ಲೋಟ ಎತ್ತಿದ್ದರು. ಎರಡೂ ಸಲ ನನಗೆ ಮನಸ್ಸಿರಲಿಲ್ಲ, ಎರಡೂ ಸಲ ನಾನು ಬಾಯಿ ಬಿಟ್ಟಿರಲಿಲ್ಲ. ನಾನು ಮದುವೆಯಾಗದೆ ಇಂಗ್ಲಿಷ್ ಪತ್ರಿಕೆಯೊಂದರ ಡೆಸ್ಕಿನಲ್ಲಿ ಉಳಿದದ್ದನ್ನು ಚಿಕ್ಕಪ್ಪ ಈಗಲೂ "ಅಕ್ಕ ಎತ್ತಿದ ಲೋಟ ಇನ್ನೂ ಕೆಳಗಿಟ್ಟಿಲ್ಲ" ಎಂದು ಆಡಿಕೊಳ್ಳುತ್ತಾರೆ.

ಚಿಕ್ಕಪ್ಪ ವಿಮಾ ಕಚೇರಿಯಲ್ಲಿದ್ದು ನಿವೃತ್ತರಾದವರು. ಮಗಳು ಶಾಲೆಯಲ್ಲಿದ್ದಾಗಲೇ ಅವರ ಹೆಂಡತಿ ತೀರಿಕೊಂಡರು. ಆಮೇಲೆ ಅವಳನ್ನು ಸಾಕಿದ್ದು ಮಹಡಿಯ ಮೇಲಿದ್ದ ಅತ್ತೆ ಮತ್ತು ಮಾವ. ಅವಳನ್ನು ಇಲ್ಲಿ ತಂಗಿ ಎಂದೇ ಕರೆಯುತ್ತೇನೆ, ನಾನು ಕರೆಯುವುದು ಹಾಗೆಯೇ. ಶಾಲೆಯೊಂದರಲ್ಲಿ ಚಿತ್ರಕಲೆ ಕಲಿಸುತ್ತಿದ್ದಳು. ತಮಿಳರ ಊರಿನಲ್ಲೇ ಹುಟ್ಟಿ ಬೆಳೆದು, ಕನ್ನಡದಲ್ಲಿ ಕೇಳಿದ್ದಕ್ಕೆ ತಮಿಳಿನಲ್ಲಿ ಉತ್ತರ ಕೊಡುವವಳು.

ಕೋವಿಡ್‌ನ ಎರಡನೇ ಅಲೆಯಲ್ಲಿ ಮಾವ ಹೋದರು. ಅತ್ತೆ ನಿದ್ದೆ ಬಿಟ್ಟರು, ಊಟ ಬಿಟ್ಟರು. ಹಾಲಿನ ಪ್ಯಾಕೆಟ್ ಹಾಕುವವನು ಕೆಮ್ಮಿದರೆ ಅಳುತ್ತಿದ್ದರು. ಬಾಲ್ಕನಿಯ ಕಂಬಿ ಹಿಡಿದು ಕೆಳಗೆ ನೋಡುತ್ತ ನಿಂತಿದ್ದನ್ನು ಕಂಡ ದಿನ ಚಿಕ್ಕಪ್ಪ ಅವರನ್ನು ಮನೋವೈದ್ಯೆಯ ಬಳಿಗೆ ಕರೆದುಕೊಂಡು ಹೋದರು. ಖಿನ್ನತೆಗೆ ಕೊಡುವ ಸಾಮಾನ್ಯ ಮಾತ್ರೆ ಶುರುವಾಯಿತು. ನಮ್ಮ ಕಚೇರಿಯಲ್ಲೇ ಅದನ್ನು ನುಂಗುತ್ತಿರುವವರು ಇಬ್ಬರು ಮೂವರು ಇದ್ದಾರೆ. ಅವರಿಗೆ ಅದರಿಂದ ಒಳ್ಳೆಯದೇ ಆಗಿದೆ. ಅತ್ತೆಗೂ ಆಯಿತು. ಒಮ್ಮೆ ಡೋಸ್ ಏರಿಸಿದ ಮೇಲೆ ಅವರು ಮಲಗಿದರು, ಉಂಡರು, ಮಾವನ ಬಟ್ಟೆಗಳನ್ನು ತಾವೇ ಮಡಿಸಿ ಕೊಟ್ಟುಬಿಟ್ಟರು. ಆ ಮಾತ್ರೆ ಇಲ್ಲದಿದ್ದರೆ ಅವರು ಬದುಕುತ್ತಿದ್ದರೇ ಎಂಬುದು ನನಗೆ ಗೊತ್ತಿಲ್ಲ.

ಬೇರೆ ಕೆಲವು ಸಂಗತಿಗಳೂ ನಡೆದವು. ಪಕ್ಕದ ಮನೆಯಾಕೆಯ ಗಂಡ ಸತ್ತಾಗ ಅತ್ತೆ ಹೋಗಿ, ಹೆಣದ ಪಕ್ಕದಲ್ಲಿ ಅಳುತ್ತಿದ್ದ ಆಕೆಯನ್ನು, ಗ್ಯಾಸ್ ಕನೆಕ್ಷನ್ ಯಾರ ಹೆಸರಲ್ಲಿದೆ, ಬದಲಾಯಿಸಬೇಕಲ್ಲ ಎಂದು ಕೇಳಿದರು. ಒಂದು ಸಂಜೆ ಬೀದಿಯಲ್ಲಿ ಸೈಕಲ್ಲಿನಿಂದ ಹುಡುಗಿಯೊಬ್ಬಳು ಬಿದ್ದು ಗಲ್ಲ ಒಡೆದುಕೊಂಡಳು. ಅತ್ತೆ ಕಿಟಕಿಯಿಂದ ನೋಡಿ "ಬಿದ್ಲು" ಅಂದರು, ಹುರುಳಿಕಾಯಿ ಹೆಚ್ಚುವುದನ್ನು ಮುಂದುವರಿಸಿದರು. "ಅಕ್ಕ ಈಗ ಸ್ಟೆಡಿ ಆಗಿದ್ದಾಳೆ, ಅದು ಪೋದುಂ" ಎಂದರು ಚಿಕ್ಕಪ್ಪ. ಅಷ್ಟು ಸಾಕು ಎಂದು ನಮಗೆಲ್ಲ ಅನಿಸಿತ್ತು.

ಆ ಭಾನುವಾರ ಬಂದ ಹುಡುಗ ಎಣ್ಣೂರಿನ ವಿದ್ಯುತ್ ಸ್ಥಾವರಕ್ಕೆ ಕೆಲಸ ಮಾಡಿಕೊಡುವ ಗುತ್ತಿಗೆ ಕಂಪನಿಯೊಂದರ ಎಂಜಿನಿಯರು. ನಮ್ಮವರೇ, ತಂದೆ ರೈಲ್ವೆಯಲ್ಲಿದ್ದವರು. ವಿಧವೆಯಾದ ಅತ್ತೆ ಕಾಫಿ ಹಿಡಿದು ಮುಂದೆ ಬಂದಾಗ ಹುಡುಗನ ದೊಡ್ಡಮ್ಮ ಸೆರಗು ಸರಿಮಾಡಿಕೊಂಡು ಬೇರೆ ಕಡೆ ನೋಡಿದರು. ಚಿಕ್ಕಪ್ಪ ಅದನ್ನು ಗಮನಿಸಿ ಬೇಕೆಂತಲೇ ಜೋರಾಗಿ, "ನಮ್ಮನೇಲಿ ಅಕ್ಕನೇ ಎಲ್ಲಾ" ಅಂದರು.

ನಾನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದೆ. ತಂಗಿ ಒಳಗೆ ಬಂದಳು, ಹಿಂದೆಯೇ ಅತ್ತೆ ಬಂದರು. ತಂಗಿ ಅತ್ತೆಯ ಎದುರು ನಿಂತು ಅವರ ಮಣಿಕಟ್ಟನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ಮುಖವನ್ನು ತೋರಿಸುವಂತೆ ಎತ್ತಿದಳು. ಅವಳ ಮೇಲ್ದುಟಿಯ ಮೇಲೆ ಬೆವರಿತ್ತು. ಕಣ್ಣು ಮಿಟುಕಿಸಲಿಲ್ಲ. ಅತ್ತೆ ಅವಳನ್ನು ಸಾಕಷ್ಟು ಹೊತ್ತು ನೋಡಿದರು.

"ಕೈ ಏನೇ ಇಷ್ಟು ತಣ್ಣಗೆ?" ಎಂದರು. "ಫ್ರಿಜ್ಜಿಂದ ಹಾಲು ತೆಗೆದ್ಯಾ?"

ತಂಗಿ ಇಲ್ಲವೆಂದು ತಲೆಯಾಡಿಸಿದಳು. ಅತ್ತೆ ಮೆಲ್ಲಗೆ ಕೈ ಬಿಡಿಸಿಕೊಂಡು ಹೊರಗೆ ಹೋದರು. ಒಲೆಯ ಬಳಿ ನಿಂತ ನಮ್ಮಿಬ್ಬರಿಗೂ ಅವರ ಪ್ರಶ್ನೆ ಕೇಳಿಸಿತು. ತಂಗಿ ನನ್ನನ್ನು ನೋಡಿದಳು. ಆಮೇಲೆ ಡಿಕಾಕ್ಷನ್ ಪಾತ್ರೆಯ ಮುಚ್ಚಳ ತೆಗೆದು, "ಎಷ್ಟು ಲೋಟ, ಅಕ್ಕಾ?" ಎಂದು ಕೇಳಿದಳು.

ಇದು ನಾನು ಕಂಡದ್ದು. ಅವಳಿಗೆ ಹುಡುಗ ಬೇಡವೇ ಎಂದು ಆ ಮಧ್ಯಾಹ್ನ ನಾನು ಕೇಳಿದೆ. "ಅತ್ತೆ ಪಾತ್ತಾಂಗಳೇ," ಅತ್ತೆ ನೋಡಿದರಲ್ಲ, ಎಂದಳು. ಮದುವೆಯಾಗಿ ಬಹಳ ದಿನಗಳ ಮೇಲೆ ಅವಳು ಹೇಳಿದ್ದು ಬೇರೆ: ಜಾತಕ ಬಂದ ಹೊತ್ತಿನಿಂದ ಹುಡುಗ ಅವಳಿಗೆ ಫೋನು ಮಾಡುತ್ತಿದ್ದ. ಶಾಲೆಯಲ್ಲಿ ಯಾರ ಪಕ್ಕ ಕೂರುತ್ತೀಯ, ಸಹೋದ್ಯೋಗಿಯ ಬೈಕಿನಲ್ಲಿ ಯಾಕೆ ಹೋದೆ, ಫೋನಿನ ಪಾಸ್‌ವರ್ಡ್ ಏನು ಎಂದು ಕೇಳುತ್ತಿದ್ದ. ಒಮ್ಮೆ ಅವಳು ಕರೆ ಎತ್ತದಿದ್ದಾಗ ಶಾಲೆಯ ಗೇಟಿಗೆ ಬಂದು ನಿಂತಿದ್ದ, ಮಾತಾಡಿಸದೆ ಹೊರಟುಹೋಗಿದ್ದ. ಅಪ್ಪನಿಗೆ ಹೇಳಿದಾಗ ಅವರು ನಕ್ಕು, ಅದು ಪ್ರೀತಿ, ಭಾನುವಾರ ಅತ್ತೆ ನೋಡಲಿ, ಅವಳು ಲೋಟ ಎತ್ತಿದರೆ ನಾನು ಒಂದು ಮಾತೂ ಆಡಲ್ಲ ಎಂದಿದ್ದರು. ಅತ್ತೆಗೆ ಮೊದಲೇ ಹೇಳಬಾರದೆಂಬ ನಿಯಮವನ್ನು ಅವಳು ಪಾಲಿಸಿದಳು. ಹೇಳಿದರೆ ಅಪ್ಪ ಆಟ ಕೆಡಿಸಿದೆ ಅನ್ನುತ್ತಾರೆ ಎಂಬ ಹೆದರಿಕೆ. ಹೇಳುವ ಅಗತ್ಯವಿಲ್ಲ ಎಂಬ ಧೈರ್ಯವೂ ಇತ್ತು.

ಸೀರೆಗೆ ಟಿ. ನಗರಕ್ಕೆ ಹೋದಾಗ ಅಂಗಡಿಯವಳು ಮೈಮೇಲೆ ರೇಷ್ಮೆ ಹೊದಿಸಿ ಕನ್ನಡಿಯ ಮುಂದೆ ನಿಲ್ಲಿಸಿದಳು. ತಂಗಿಯ ಕಣ್ಣಿಂದ ನೀರು ಇಳಿಯಿತು. ಮದುವೆ ಹುಡುಗಿಯರು ಅಳುವುದನ್ನು ದಿನಾ ನೋಡುವ ಅಂಗಡಿಯವಳು ಟಿಶ್ಯೂ ಕೊಟ್ಟಳು. ಅತ್ತೆ ಕನ್ನಡಿಯಲ್ಲೇ ತಂಗಿಯನ್ನು ನೋಡುತ್ತ, "ಹುಷಾರು, ಜರಿ ಮೇಲೆ ಬೀಳುತ್ತೆ" ಅಂದರು. ಮೇ ತಿಂಗಳಲ್ಲಿ ಮದುವೆಯಾಯಿತು. ಜೂನ್‌ನಲ್ಲಿ ಶಾಲೆ ತೆರೆದಾಗ ಅವಳು ಕೆಲಸಕ್ಕೆ ಹೋಗಲಿಲ್ಲ.

ಎಣ್ಣೂರಿನಿಂದ ಮಾಧವರಂಗೆ ಬಹಳ ದೂರವಿಲ್ಲ. ಆದರೂ ಮೊದಲ ವರ್ಷ ಅವಳು ಬಂದದ್ದು ಹಬ್ಬಗಳಿಗೆ, ಪ್ರತಿ ಸಲವೂ ಗಂಡನ ಜೊತೆ. ಫೋನು ಮಾಡಿದರೆ ಅವನೇ ಎತ್ತುತ್ತಿದ್ದ. "ಸ್ಪೀಕರ್‌ನಲ್ಲಿ ಇದೆ, ಹೇಳಿ" ಅನ್ನುತ್ತಿದ್ದ. ಬಹಳ ಮರ್ಯಾದೆಯ ಮನುಷ್ಯ. ಚಿಕ್ಕಪ್ಪನ ಕಾಲಿಗೆ ಬೀಳದೆ ಹೊರಡುತ್ತಿರಲಿಲ್ಲ.

2024ರ ಮಳೆಗಾಲದಲ್ಲಿ ಅತ್ತೆ ತಲೆಸುತ್ತಿ ಬಚ್ಚಲಲ್ಲಿ ಬಿದ್ದರು. ರಕ್ತದಲ್ಲಿ ಸೋಡಿಯಂ ಇಳಿದಿತ್ತು. ವಯಸ್ಸಾದವರಿಗೆ ಆ ಮಾತ್ರೆಯಿಂದ ಹಾಗಾಗುವುದುಂಟು ಎಂದು ಹೇಳಿ, ಹಳೆಯ ವೈದ್ಯೆಯೇ ಅದನ್ನು ಹಂತ ಹಂತವಾಗಿ ಇಳಿಸಿ ನಿಲ್ಲಿಸಿದರು. ಅವರನ್ನು ನಾನು ಒಂದು ಪ್ರಶ್ನೆ ಕೇಳಿದೆ. ಗ್ಯಾಸ್ ಕನೆಕ್ಷನ್ ವಿಷಯ, ಸೈಕಲ್ ಹುಡುಗಿಯ ವಿಷಯ ಹೇಳಿ, ಇದೂ ಮಾತ್ರೆಯಿಂದಲೇನು ಎಂದೆ. ವೈದ್ಯೆ ಪೆನ್ನು ಕೆಳಗಿಟ್ಟು ಕೇಳಿಸಿಕೊಂಡರು. ಈ ಮಾತ್ರೆಯಿಂದ ಕೆಲವರಿಗೆ ದುಃಖದ ಜೊತೆ ಬೇರೆಯದೂ ಮಂಕಾಗುತ್ತದೆ, ಎಲ್ಲರಿಗೂ ಅಲ್ಲ, ಎಂದರು. ಅಂಥವರನ್ನು, ಎದುರಿಗಿದ್ದವರು ಹೆದರಿದ್ದಾರೆಯೇ ಎಂದು ಕೇಳಿದರೆ ಹೌದು ಎಂದು ಹೇಳಬಲ್ಲರು. ಕೇಳದಿದ್ದರೆ ಅದು ಅವರಿಗೆ ತಟ್ಟುವುದಿಲ್ಲ. "ಮೊದಲೇ ಹೇಳಿದ್ದರೆ ಡೋಸ್ ಕಡಿಮೆ ಮಾಡಿ ನೋಡಬಹುದಿತ್ತು. ಸಾಮಾನ್ಯವಾಗಿ ಮನೆಯವರು ಹೇಳೋದಿಲ್ಲ. ಗುಣ ಆಗಿದೆ ಅಂದ್ಕೋತಾರೆ."

ಮಾತ್ರೆ ನಿಂತ ಕೆಲವು ವಾರಗಳಿಗೆ ಅತ್ತೆ ಮಾವನ ಕನ್ನಡಕ ಹುಡುಕಿದರು. ಅದನ್ನೂ ಕೊಟ್ಟುಬಿಟ್ಟಿದ್ದೀರಿ ಎಂದಾಗ ಮೂರು ವರ್ಷದ ಹಿಂದಿನ ಅಳುವನ್ನು ಅತ್ತರು. ಪಕ್ಕದ ಮನೆಗೆ ಹೋಗಿ, ಆವತ್ತು ನಾನೇನೋ ಕೇಳಿಬಿಟ್ಟೆ ಎಂದು ಆಕೆಯ ಕೈ ಹಿಡಿದುಕೊಂಡು ಬಂದರು. ಸೈಕಲ್ ಹುಡುಗಿಯ ಗಲ್ಲದ ಮೇಲಿನ ಕಲೆಯನ್ನು ಮುಟ್ಟಿ ನೋಡಿದರು. ಒಂದೊಂದೇ ಸಂಗತಿಗೆ ಹಿಂದಕ್ಕೆ ಹೋಗುತ್ತಿದ್ದರು.

ಒಂದು ಬೆಳಿಗ್ಗೆ ನಾನು ಹೋದಾಗ ಕಾಫಿ ಮುಟ್ಟದೆ ಕೂತಿದ್ದರು.

"ಫ್ರಿಜ್ಜಿಂದ ಹಾಲು ತೆಗೆದಿರ್ಲಿಲ್ಲ ಕಣೇ ಅವಳು," ಎಂದರು.

ಯಾರು ಎಂದು ನಾನು ಕೇಳಲಿಲ್ಲ.

"ಮೂಗಿನ ಹೊಳ್ಳೆ ಬಿಳಿಚ್ಕೊಂಡಿತ್ತು. ಕಣ್ಣು ಮಿಟುಕಿಸ್ಲಿಲ್ಲ. ಮಿಟುಕಿಸಿದ್ರೆ ನಾನು ಎಲ್ಲಿ ಹೊರಟೋಗ್ತೀನೋ ಅಂತ. ಎಲ್ಲಾ ಕಂಡಿತ್ತು ನಂಗೆ. ಗೋಡೆ ಮೇಲೆ ಕ್ಯಾಲೆಂಡರ್ ಕಾಣುತ್ತಲ್ಲಾ, ಹಾಗೆ ಕಾಣಿಸ್ತು. ನೋಡ್ದೆ, ಬಂದೆ, ಕಾಫಿ ಬೇಕಾ ಅಂದೆ."

"ಅತ್ತೆ, ಅದು ಮಾತ್ರೆಯಿಂದ."

"ಯಾವುದ್ರಿಂದಾನಾದ್ರೂ ಆಗ್ಲಿ. ಅವಳು ಅಲ್ಲಿದ್ದಾಳಲ್ಲ. ನಡಿ, ಎಣ್ಣೂರಿಗೆ ಹೋಗೋಣ."

ಡಿಸೆಂಬರ್‌ನಲ್ಲಿ ಇಬ್ಬರೂ ಹೋದೆವು. ಮೊದಲೇ ಹೇಳಿರಲಿಲ್ಲ. ಸಮುದ್ರದ ಕಡೆಯ ಗಾಳಿ, ಸ್ಥಾವರದ ಹೊಗೆಕೊಳವೆಗಳು, ಎರಡನೇ ಮಹಡಿಯ ಬಾಡಿಗೆ ಮನೆ. ಗಂಡನೇ ಬಾಗಿಲು ತೆಗೆದ, ಆಶ್ಚರ್ಯ ತೋರಿಸಲಿಲ್ಲ, ಒಳಗೆ ಕರೆದು ಕೂರಿಸಿದ. ತಂಗಿ ತೆಳ್ಳಗಾಗಿದ್ದಳು. ಅವಳು ಉತ್ತರ ಕೊಡುವ ಮೊದಲು ಅವನ ಕಡೆ ನೋಡುತ್ತಿದ್ದಳು. ಅವನು ನಕ್ಕರೆ ಒಂದು ಕ್ಷಣ ತಡವಾಗಿ ನಗುತ್ತಿದ್ದಳು.

"ಡ್ರಾಯಿಂಗ್ ಮಾಡ್ತೀಯೇನೇ?" ಎಂದು ಅತ್ತೆ ಕೇಳಿದರು.

"ಟೈಮೇ ಎಲ್ಲಿದೆ ಅತ್ತೆ ಇವಳಿಗೆ," ಎಂದು ಅವನೇ ಹೇಳಿದ. "ದಿನಾ ಮನೆ ಒರೆಸ್ಬೇಕು. ಬೂದಿ ನೋಡಿ, ಕಿಟಕಿ ಮುಚ್ಚಿದ್ರೂ ಬರುತ್ತೆ."

ಕೆಲಸದ ಕರೆ ಬಂದು ಅವನು ಮೆಟ್ಟಿಲಿನ ಕಡೆಗೆ ಹೋದ. ತಂಗಿ ಬಾಲ್ಕನಿಯಲ್ಲಿ ಒಣಗಿದ ಬಟ್ಟೆಗಳ ಬೂದಿ ಕೊಡವುತ್ತಿದ್ದಳು. ನಾನು ಹೋಗಿ ಮಹಿಳಾ ಸಹಾಯವಾಣಿಯ ನಂಬರು ಹೇಳಿದೆ. ನನ್ನ ಮನೆಗೆ ಬಂದುಬಿಡು ಎಂದೂ ಹೇಳಿದೆ. ಫೋನುಗಳ ವಿಷಯ, ಶಾಲೆಯ ಗೇಟಿನ ವಿಷಯ ಅವಳು ಹೇಳಿದ್ದು ಆಗಲೇ, ಬೇಗ ಬೇಗ, ಬಟ್ಟೆ ಮಡಿಸುತ್ತ. ಮಧ್ಯೆ ತೋಳು ತೋರಿಸಿದಳು. ಮೊಣಕೈಯ ಮೇಲೆ ಬೆರಳುಗಳ ಗುರುತಿತ್ತು, ಹಳದಿಗೆ ತಿರುಗಿತ್ತು.

"ಉನ್ ವೀಟುಕ್ಕು ಬಂದ್ರೆ ಅಲ್ಲಿಗೂ ಬರ್ತಾನೆ, ಅಕ್ಕಾ. ಅಪ್ಪಾನೇ ವಾಪಸ್ ಕಳಿಸ್ತಾರೆ. ಅಪ್ಪಾ ಬಾ ಅಂದ್ರೆ ಮಾತ್ರ ಬರಕ್ಕಾಗೋದು. ಅತ್ತೆ ಹೇಳ್ಲಿ. ಅತ್ತೆ ಹೇಳಿದ್ರೆ ಅಪ್ಪಾ ಕೇಳ್ತಾರೆ."

ಅವನು ಮರಳಿ ಬಂದ. ನಾವು ಕಾಫಿ ಮುಗಿಸಿದೆವು. ಆಗ ಅತ್ತೆ ಎದ್ದು, ತಂಗಿಯ ಮುಖವನ್ನೇ ನೋಡುತ್ತ, ಲೋಟಗಳನ್ನು ಒಂದೊಂದಾಗಿ ಎತ್ತಿ ಒಂದರೊಳಗೊಂದು ಇಡತೊಡಗಿದರು. ಸ್ಟೀಲಿನ ಸದ್ದಾಯಿತು. ತಂಗಿಯ ಕೈಯಲ್ಲಿದ್ದ ಬಟ್ಟೆ ಜಾರಿತು.

"ಬಿಡಿ ಅತ್ತೆ," ಎಂದ ಅವನು. "ನಿಮಗ್ಯಾಕೆ, ಅವಳು ತೊಳೀತಾಳೆ."

"ಇರ್ಲಿ," ಎಂದರು ಅತ್ತೆ. ಕೊನೆಯ ಲೋಟವನ್ನೂ ಎತ್ತಿದ ಮೇಲೆಯೇ ಕೂತರು.

ಆ ಸಂಜೆಯೇ ಮಾಧವರಂನಲ್ಲಿ ಚಿಕ್ಕಪ್ಪನ ಎದುರು ಅತ್ತೆ ಎಲ್ಲವನ್ನೂ ಹೇಳಿದರು. ನಾನು ಕಂಡದ್ದನ್ನೂ ಕೇಳಿದ್ದನ್ನೂ ಬೇರೆ ಬೇರೆಯಾಗಿ ಹೇಳಿದೆ. ತೋಳಿನ ಗುರುತು ಕಂಡದ್ದು ಎಂದೆ. ಚಿಕ್ಕಪ್ಪ ಟಿವಿಯ ಸದ್ದು ತೆಗೆದು ಕೇಳಿಸಿಕೊಂಡರು. ಆಮೇಲೆ ಅಳಿಯನ ನಂಬರಿಗೆ ಫೋನು ಮಾಡಿ ಮಗಳನ್ನು ಕೇಳಿದರು. ಸ್ಪೀಕರ್‌ನಲ್ಲಿ ಅವಳ ದನಿ ಬಂತು: "ನಾನ್ ನಲ್ಲಾ ಇರುಕ್ಕೇನ್ ಅಪ್ಪಾ." ಚೆನ್ನಾಗಿದ್ದೇನೆ. ತೋಳಿಗೆ ಏನಾಗಿದೆ ಎಂದು ಕೇಳಿದಾಗ ಕಬ್ಬಿಣದ ಬೀರುವಿನ ಬಾಗಿಲು ತಗುಲಿತು ಎಂದಳು.

ಚಿಕ್ಕಪ್ಪ ಫೋನು ಕೆಳಗಿಟ್ಟರು.

"ಕೇಳಿದ್ಯಲ್ಲಕ್ಕಾ?"

"ಕೇಳಿದ್ದು ಬಿಡೋ. ನಾನು ನೋಡ್ಕೊಂಡು ಬಂದಿದೀನಿ. ಕರ್ಕೊಂಡು ಬಾ ಅವಳನ್ನ."

"ಆವತ್ತೂ ನೀನೇ ನೋಡ್ದೆ. ಸರಿ ಅಂದೆ. ನಿನ್ನ ಮಾತಿನ ಮೇಲೆ ಮದುವೆ ಮಾಡ್ದೆ."

"ಆವತ್ತು ನಂಗೆ ನೋಡಕ್ಕಾಗ್ಲಿಲ್ಲ ಕಣೋ. ಆ ಮಾತ್ರೆ..."

"ಮಾತ್ರೆ ತಗೊಂಡಿದ್ದಾಗ ನೀನು ಉಂಡು, ಮಲಗಿ, ಮನುಷ್ಯರ ಥರ ಇದ್ದೆ," ಎಂದರು ಚಿಕ್ಕಪ್ಪ. ದನಿ ಏರಿಸಲಿಲ್ಲ. "ಈಗ ನಿದ್ದೆ ಇಲ್ಲ, ದಿನಾ ಅಳು. ಭಾವನ ಕನ್ನಡಕ ಹುಡುಕ್ತೀಯ. ಯಾವ ಅಕ್ಕನ್ನ ನಂಬಲಿ ಹೇಳು? ಗಟ್ಟಿಯಾಗಿದ್ದವಳನ್ನೋ, ಹೀಗಿರೋಳನ್ನೋ?"

ನಾನು ವೈದ್ಯೆ ಹೇಳಿದ್ದನ್ನು ಹೇಳಿದೆ. ಚಿಕ್ಕಪ್ಪ ಎಲ್ಲವನ್ನೂ ಕೇಳಿ, "ಹಾಗಾದ್ರೆ ಸೈಡ್ ಎಫೆಕ್ಟ್ ನಂಬಿ ಮಗಳ ಸಂಸಾರ ಒಡೀಲಾ?" ಎಂದು ನನ್ನನ್ನೇ ಕೇಳಿದರು.

ಆಮೇಲಿನ ವಾರಗಳಲ್ಲಿ ಅತ್ತೆ ದಿನವೂ ಅದೇ ಮಾತು ಆಡಿದರು. ಒಮ್ಮೆ ಒಬ್ಬರೇ ಬಸ್ಸು ಹತ್ತಿ ಎಣ್ಣೂರಿಗೆ ಹೋಗಿ, ಬೀಗ ನೋಡಿಕೊಂಡು ಬಂದರು. ಒಮ್ಮೆ ಪೊಲೀಸ್ ಠಾಣೆಗೆ ಹೋದರು, ನಾನೂ ಹೋಗಿದ್ದೆ. ಇನ್ಸ್‌ಪೆಕ್ಟರ್ ಇಬ್ಬರು ಮಹಿಳಾ ಪೇದೆಗಳನ್ನು ಆ ಮನೆಗೆ ಕಳಿಸಿದರು. ದೂರು ಏನೂ ಇಲ್ಲ ಎಂದು ತಂಗಿ ಬರೆದುಕೊಟ್ಟಳು. ಗಂಡ ಪಕ್ಕದಲ್ಲೇ ಇದ್ದನಂತೆ. ಆ ದಿನ ಅಳಿಯ ಮಾಧವರಂಗೆ ಬಂದು ಚಿಕ್ಕಪ್ಪನ ಮುಂದೆ ಕಣ್ಣೀರು ಹಾಕಿದ. ಅತ್ತೆಗೆ ಹುಷಾರಿಲ್ಲ, ನನಗೆ ಬೇಜಾರಿಲ್ಲ, ಮೊದಲು ಅವರನ್ನು ನೋಡಿಕೊಳ್ಳಿ ಎಂದ.

ಚಿಕ್ಕಪ್ಪ ಅಕ್ಕನನ್ನು ಬೇರೊಬ್ಬ ವೈದ್ಯರ ಬಳಿಗೆ ಕರೆದುಕೊಂಡು ಹೋದರು. ನಿದ್ದೆಯಿಲ್ಲ, ಊಟವಿಲ್ಲ, ಇಲ್ಲದ್ದು ಕಾಣುತ್ತದೆ, ಮಗಳ ಗಂಡನ ಮೇಲೆ ಅನುಮಾನ, ಎಂದರು. ಮೊದಲ ಎರಡು ನಿಜ. ಸೋಡಿಯಂ ಮೇಲೆ ಕಣ್ಣಿಡಬೇಕೆಂದು ಹೇಳಿ ಆ ವೈದ್ಯರು ಬೇರೆ ಮಾತ್ರೆಯೊಂದನ್ನು ಬರೆದುಕೊಟ್ಟರು. ಅತ್ತೆ ಕೆಲವು ದಿನ ಬೇಡವೆಂದರು. "ತಗೊಂಡ್ರೆ ಅವಳು ನಂಗೆ ಕಾಣಲ್ಲ ಕಣೇ" ಎಂದು ನನಗೆ ಹೇಳಿದರು. ತೂಕ ಇಳಿಯುತ್ತಾ ಹೋಗಿತ್ತು, ಬಾಲ್ಕನಿಗೆ ಮತ್ತೆ ಹೋಗತೊಡಗಿದ್ದರು. ನಾನೂ ತೆಗೆದುಕೊಳ್ಳಿ ಎಂದೆ. ತೆಗೆದುಕೊಂಡರು. ಊಟವಾದ ಮೇಲೆ ಚಿಕ್ಕಪ್ಪನೇ ಅವರ ಅಂಗೈಗೆ ಹಾಕಿ, ನುಂಗುವವರೆಗೂ ನಿಲ್ಲುತ್ತಾರೆ.

ಈಗ ಅತ್ತೆ ನಿದ್ದೆ ಮಾಡುತ್ತಾರೆ. ತೂಕ ಸ್ವಲ್ಪ ಏರಿದೆ. ಸೋಡಿಯಂ ಸರಿಯಿದೆ.

ಕಳೆದ ಭಾನುವಾರ ತಂಗಿ ಗಂಡನ ಜೊತೆ ಮಾಧವರಂಗೆ ಬಂದಿದ್ದಳು. ಸೆಖೆಯಲ್ಲೂ ಪೂರ್ತಿ ತೋಳಿನ ರವಿಕೆ ತೊಟ್ಟಿದ್ದಳು. ಕಾಫಿ ಕುಡಿದಾದ ಮೇಲೆ ಅವಳು ಲೋಟವನ್ನು ಮೇಜಿನ ಮೇಲೆ, ಅತ್ತೆಯ ಕೈಗೆಟುಕುವ ಹಾಗೆ ಇಟ್ಟಳು. ಮುಖ ಎತ್ತಿ ಅವರನ್ನು ನೋಡಿದಳು. ಅತ್ತೆಯೂ ಅವಳನ್ನು ನೋಡಿದರು. ಆಮೇಲೆ ಅವಳ ಗಂಡನ ಕಡೆ ತಿರುಗಿ, ಇನ್ನೊಂದು ರೌಂಡ್ ಕಾಫಿ ತರಲಾ ಎಂದು ಕೇಳಿದರು.